ಹಗ್ಗದ ಮೊದಲ ಕೈ

ಮೊಂತೆವಿದೆಯೊ,
ಸೋಮವಾರ, 11 ಆಗಸ್ಟ್ 1986

ವಾಲ್ದೆಮಾರ್,

ನಿನ್ನ ಯೋಗಕ್ಷೇಮ ಕೇಳೋಕೆ ಬರೀತಿದ್ದೀನಿ ಅಂದ್ಕೋಬೇಡ. ಹನ್ನೆರಡು ವರ್ಷ ಕೇಳದವಳು ಈಗ ಕೇಳಿದ್ರೆ ನೀನು ನಗ್ತೀಯ. ನಿನ್ನ ನಗು ನಂಗೆ ಗೊತ್ತು, ಮೂಗಿನ ಒಂದೇ ಹೊಳ್ಳೇಲಿ ನಗ್ತೀಯ. ಅದಕ್ಕೇ ನೇರ ವಿಷಯಕ್ಕೆ ಬರ್ತೀನಿ.

ನಿನ್ನೆ ಐದು ಸೊನ್ನೇಲಿ ಸೋತ್ವಿ, ನಮ್ಮ ಮೈದಾನದಲ್ಲೇ. ಪಂದ್ಯ ಮುಗಿದು ಹತ್ತು ನಿಮಿಷ ಆಗಿಲ್ಲ, ಕೋಚ್ ಮಹಾಶಯ ಹಿಂದಿನ ಗೇಟಿಂದ ಪರಾರಿ. ಹೋಗೋವಾಗ ಒಂದು ಟವಲ್ಲೂ ಹೊತ್ಕೊಂಡು ಹೋಗಿದ್ದಾನೆ ಪುಣ್ಯಾತ್ಮ, ಕ್ಲಬ್ಬಿನ ಟವಲ್ಲು! ಈ ವರ್ಷ ಓಡಿಹೋದ ಎರಡನೇ ಕೋಚ್ ಇವನು. ಪಟ್ಟಿಯಲ್ಲಿ ನಾವೇ ಕಟ್ಟಕಡೆ. ಇನ್ನು ಹನ್ನೆರಡು ಪಂದ್ಯ ಉಳಿದಿವೆ. ಹೀಗೇ ಆಡಿದ್ರೆ ನಮ್ಮ ಕೊರ್ದೆಲೆರೊಸ್ ಮೊದಲ ದರ್ಜೆಯಿಂದ ಕೆಳಗೆ ಬೀಳುತ್ತೆ, ಹುಟ್ಟಿದಾಗಿಂದ ಮೊದಲ ಸಲ. ಹಗ್ಗದ ಕಾರ್ಖಾನೆ ಕೆಲಸಗಾರರು ಕಟ್ಟಿದ ಫುಟ್‌ಬಾಲ್ ಕ್ಲಬ್ಬು ಕಣೋ. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ಆಯ್ತು, ಈ ಕೇರಿಗೆ ಅಂತ ಉಳಿದಿರೋದು ಇದೊಂದೇ. ಇದೂ ಹೋದ್ರೆ ಭಾನುವಾರ ನಾವೆಲ್ಲ ಏನು ಮಾಡೋದು? ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರೋದಾ?

ಅಧ್ಯಕ್ಷ ಪಗೋಲಾ ಬ್ವೇನಸ್ ಐರಿಸ್‌ನಿಂದ ಲುದ್ವೆನ್ಯಾ ಅನ್ನೋನನ್ನ ಕರೆಸ್ತಾನಂತೆ. ಟಿವಿಯಲ್ಲಿ ಬರ್ತಾನಲ್ಲ, ಉದ್ದ ಕೋಟು, ಎರಡು ಕೈಗೂ ಉಂಗುರ. ಎಂಟು ಕ್ಲಬ್ಬು ತಿರುಗಿದ್ದಾನೆ, ಎಲ್ಲೂ ವರ್ಷ ತುಂಬ ನಿಂತಿಲ್ಲ. ಆದ್ರೆ ಹಳಬರ ಬಾಯಲ್ಲಿ ಇನ್ನೊಂದು ಹೆಸರು ಮೆಲ್ಲಗೆ ಓಡಾಡ್ತಿದೆ. ಮಾಂಸದಂಗಡಿ ಒಲಿಂಪಿಯಾ ಮೊನ್ನೆ ಎಲುಬು ಕಡೀತಾ ಕೇಳಿದ್ಲು: "ನಿಮ್ಮ ತಮ್ಮ ಆ ತಕ್ವಾರೆಂಬೊದಲ್ಲಿ ಪಂಪು ರಿಪೇರಿಯವರನ್ನ, ಗಾಡಿ ಹೊಡೆಯೋರನ್ನ ಸೇರಿಸಿ ತಂಡ ಕಟ್ಟಿ ಮೂರು ಸಲ ಕಪ್ಪು ಗೆದ್ದನಂತೆ, ಹೌದಾ?" ನಂಗೇನು ಗೊತ್ತು ಅಂದೆ. ಗೊತ್ತಿತ್ತು. ಪೇಪರಿಂದ ಕತ್ತರಿಸಿ ಇಟ್ಟಿದ್ದೀನಿ.

ಕ್ಲಬ್ಬು ಕರೆದ್ರೆ ಬರ್ತೀಯಾ? ಹೌದು ಇಲ್ಲ ಅಂತ ಒಂದೇ ಮಾತು ಬರಿ. ಬಸ್ಸಿನ ಡ್ರೈವರ್ ಕೈಲಿ ಈ ಕಾಗದ ಕಳಿಸ್ತಿದ್ದೀನಿ, ಉತ್ತರಾನೂ ಅವನ ಕೈಲೇ ಕೊಡು.

ಓಂದಿನಾ


ತಕ್ವಾರೆಂಬೊ,
20 ಆಗಸ್ಟ್

ಅಕ್ಕಾ,

ಇಲ್ಲ.

ಒಂದು ಮಾತು ಕೇಳಿದ್ದೆ, ಬರೆದೆ. ಇನ್ನು ಮುಂದಿನದು ನೀನು ಕೇಳದೇ ಇದ್ದಿದ್ದು.

ಹನ್ನೆರಡು ವರ್ಷ ಆದಮೇಲೆ ಅಕ್ಕನಿಗೆ ತಮ್ಮ ನೆನಪಾದ, ಅದೂ ಕ್ಲಬ್ಬು ಮುಳುಗ್ತಿದೆ ಅಂತ. ಭೇಷ್. ಆ ಕ್ಲಬ್ಬು ನನ್ನನ್ನ ಯಾವ ಮರ್ಯಾದೆ ಮಾಡಿ ಕಳಿಸ್ತು ಅನ್ನೋದು ಮರೆತಿದ್ರೆ ನಾನೇ ನೆನಪಿಸ್ತೀನಿ. ಎಪ್ಪತ್ನಾಲ್ಕರ ಕೊನೇ ಪಂದ್ಯ. ಗೆದ್ರೆ ನಾವು ಚಾಂಪಿಯನ್, ನಾನು ಕ್ಯಾಪ್ಟನ್. ಗೋಲಿನ ಮುಂದೆ ಬಿದ್ದೆ, ರೆಫರಿ ಪೆನಾಲ್ಟಿ ಅಂದ. ಯಾರೂ ನನ್ನ ಮುಟ್ಟಿರಲಿಲ್ಲ ಅಕ್ಕಾ, ನನ್ನ ಕಾಲಿಗೆ ನನ್ನ ಕಾಲೇ ತೊಡರಿತ್ತು. ಎದ್ದು ಹೋಗಿ ರೆಫರಿಗೆ ಹಾಗೇ ಹೇಳಿದೆ. ಪೆನಾಲ್ಟಿ ವಾಪಸ್, ಪಂದ್ಯ ಸಮ, ಕಪ್ಪು ಇನ್ಯಾರಿಗೋ. ನಾನು ಮಾಡಿದ ಪಾಪ ಇಷ್ಟೇ.

ಮೂರನೇ ದಿನ ಸಭೆ ಕರೆದು, ಕ್ಲಬ್ಬಿನ ಪದ್ಧತಿ ಪ್ರಕಾರ ವೋಟಿಗೆ ಹಗ್ಗ ಹಾಸಿದ್ರು. ವಾಲ್ದೆಮಾರ್ ಬರ್ರೆಟೊ ಇರಲಿ ಅನ್ನೋರು ಈ ತುದಿ ಹಿಡೀರಿ, ಬೇಡ ಅನ್ನೋರು ಆ ತುದಿ ಹಿಡೀರಿ ಅಂದ್ರು. ನನ್ನ ತುದೀಲಿ ನಾಲ್ಕೇ ಜನ. ಆ ನಾಲ್ಕು ಕೈ ಯಾರ್ಯಾರದ್ದು ಅಂತ ನಿದ್ದೇಲೆಬ್ಬಿಸಿ ಕೇಳಿದ್ರೂ ಹೇಳ್ತೀನಿ.

ನೀನು ಗೋಡೆ ಪಕ್ಕ ಕುರ್ಚಿ ಮೇಲೆ ಕೂತಿದ್ದೆ. ಅಮ್ಮ ಸತ್ತಮೇಲೆ ನನ್ನ ಎತ್ತಿ ಬೆಳೆಸಿದವಳು ನೀನು. ಆ ಹಗ್ಗ ಹೊಸೆದವರಲ್ಲಿ ನಮ್ಮಪ್ಪನೂ ಒಬ್ಬ. ನಾನು ನಿನ್ನನ್ನೇ ನೋಡ್ತಿದ್ದೆ, ನೀನು ನಿನ್ನ ಶೂ ನೋಡ್ಕೊಂಡು ಕೂತಿದ್ದೆ.

ನಾನಿಲ್ಲಿ ಆರಾಮಾಗಿದ್ದೀನಿ. ಬೆಳಗ್ಗೆ ಬಾವಿ ಪಂಪು ರಿಪೇರಿ, ಸಂಜೆ ಹುಡುಗರ ಜೊತೆ ಆಟ. ನನ್ನ ಪಾಡಿಗೆ ನನ್ನ ಬಿಡು.

ವಾಲ್ದೆಮಾರ್

ಎಡಗಡೆ ಬ್ಯಾಕ್ ಯಾರನ್ನ ಆಡಿಸ್ತಿದ್ದಾರೆ? ಸುಮ್ನೆ ಕೇಳ್ದೆ.


ಮೊಂತೆವಿದೆಯೊ,
27 ಆಗಸ್ಟ್

ಲೋ ವಾಲ್ದೆ,

ಸುಮ್ನೆ ಕೇಳಿದನಂತೆ! ಯಾರ ಕಿವಿ ಮೇಲೆ ಹೂವ ಇಡ್ತಿದ್ದೀಯ? ನಿನ್ನ ಮೂಗು ಒರೆಸಿದವಳು ಕಣೋ ನಾನು.

ಎಡಗಡೆ ಬ್ಯಾಕ್ ತೆಹೇರಾ ಅಂತ. ಪಂದ್ಯ ನಾನು ನೋಡೋದು ಅಷ್ಟರಲ್ಲೇ ಇದೆ, ಆ ಹೊತ್ತಿಗೆ ನೀರು ಕಾಯಿಸ್ತಾ ಇರ್ತೀನಿ. ಆದ್ರೆ ಸೋಮವಾರ ಬಟ್ಟೆ ಒಗೆಯೋ ತೊಟ್ಟಿ ಮುಂದೆ ನಿಂತ್ರೆ ಯಾರು ಆಡಿದ್ರು, ಯಾರು ನಾಟಕ ಆಡಿದ್ರು ಅಂತ ಪೂರ್ತಿ ಗೊತ್ತಾಗುತ್ತೆ. ಮೂವತ್ತೊಂದು ವರ್ಷದಿಂದ ಈ ಕ್ಲಬ್ಬಿನ ಜರ್ಸಿ ಒಗೀತಿದ್ದೀನಿ, ಯಾವ ಪಗೋಲಾನೂ ಒಂದು ದಿನ ಬಂದು, "ಓಂದಿನಾ, ಬಟ್ಟೆ ಏನು ಹೇಳ್ತವೆ?" ಅಂತ ಕೇಳಿಲ್ಲ. ನಿನಗೆ ಹೇಳ್ತೀನಿ, ಕೇಳು.

ತೆಹೇರಾನ ಚಡ್ಡಿ ಹಿಂದುಗಡೆ ಮಾತ್ರ ಕೆಸರು. ಕುಂಡಿ ಮೇಲೇ ಬೀಳ್ತಾನೆ, ಅಂದ್ರೆ ಎದುರಾಳಿ ದಾಟಿ ಹೋದಮೇಲೆ ಕಾಲು ಚಾಚ್ತಾನೆ. ಗೋಲ್‌ಕೀಪರ್‌ನ ಬಲಗಡೆ ಮೊಣಕೈ ಹರಿದು ಹರಿದು ಮೂರು ತೇಪೆ ಹಾಕಿದ್ದೀನಿ, ಎಡಗಡೆ ಮೊಣಕೈ ಹೊಸದರ ಹಾಗಿದೆ. ಎಡಕ್ಕೆ ಹಾರೋಕೆ ಅವನಿಗೆ ಭಯ. ಐದನೇ ನಂಬರಿನವನ ಸಾಕ್ಸು ಒಗೆಯೋದೇ ಬೇಡ, ಹಾಗೇ ಮಡಿಸಿ ಇಡಬಹುದು. ಪೇಪರಲ್ಲಿ ಅವನದೇ ಫೋಟೋ ಬರುತ್ತೆ. ಕ್ಯಾಪ್ಟನ್ ತನ್ನ ಕಾಲರ್ ಕಚ್ಚಿ ಕಚ್ಚಿ ನಾರು ಎಬ್ಬಿಸಿದ್ದಾನೆ, ಪಾಪ. ಹನ್ನೊಂದನೇ ನಂಬರಿನವನ ಜರ್ಸಿ ಮಾತ್ರ ಪ್ರತಿ ಸಲ ಭುಜದ ಹತ್ರ ಹರಿದಿರುತ್ತೆ. ಹಿಡಿಯೋಕೆ ಆಗಲ್ಲ ಅಂತ ತಾನೆ ಹಿಂದಿಂದ ಎಳೆಯೋದು? ಆದ್ರೆ ಅವನನ್ನ ಅರ್ಧ ಪಂದ್ಯಕ್ಕೇ ಹೊರಗೆ ಕೂರಿಸ್ತಾರೆ.

ಕುರ್ಚಿ ವಿಷಯ ಬರೆದಿದ್ದೆ. ಓದಿದೆ.

ಇವತ್ತು ಗಾಳಿ ಮಳೆ ಅಂತ ಹಿಟ್ಟು ತಟ್ಟಿ ತೋರ್ತಾ-ಫ್ರಿತಾ ರೊಟ್ಟಿ ಕರಿದೆ. ನಾಲ್ಕು ಜಾಸ್ತಿ ಆಯ್ತು, ಡ್ರೈವರಿಗೆ ಕೊಡ್ತಿದ್ದೀನಿ. ದಾರೀಲಿ ಅವನೇ ತಿನ್ನದಿದ್ರೆ ನಿನಗೆ ಸಿಗುತ್ತೆ.

ಓಂದಿನಾ


ತಕ್ವಾರೆಂಬೊ,
4 ಸೆಪ್ಟೆಂಬರ್

ಅಕ್ಕಾ,

ಎರಡು ಸಿಕ್ತು, ಎರಡು ಡ್ರೈವರ್ ತಿಂದ. ತಣ್ಣಗಾದ್ರೂ ರುಚಿಯಾಗಿತ್ತು.

ನಿನ್ನ ಬಟ್ಟೆ ವರದಿ ಓದಿ ಪಂಪು ಶೆಡ್ಡಲ್ಲಿ ಒಬ್ಬನೇ ಬಿದ್ದು ಬಿದ್ದು ನಕ್ಕೆ. ಆಮೇಲೆ ನಗು ನಿಂತುಹೋಯ್ತು. ಎಡಕ್ಕೆ ಹಾರದ ಗೋಲ್‌ಕೀಪರ್, ಆ ಕಡೇಲೇ ಕುಂಡಿ ಮೇಲೆ ಬೀಳೋ ಬ್ಯಾಕ್. ಐದು ಗೋಲಲ್ಲಿ ಎಷ್ಟು ಆ ಮೂಲೇಲಿ ಹೋದವು? ನಾಲ್ಕಾದ್ರೂ ಇರಬೇಕು. ಇದನ್ನ ಸರಿ ಮಾಡೋಕೆ ಬ್ವೇನಸ್ ಐರಿಸ್‌ನಿಂದ ಕೋಟು ಹಾಕ್ಕೊಂಡು ಯಾರೂ ಬರಬೇಕಾಗಿಲ್ಲ. ತೆಹೇರಾನ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ಹನ್ನೊಂದನೇ ನಂಬರಿಗೆ ಪೂರ್ತಿ ಪಂದ್ಯ ಕೊಟ್ರೆ ಅರ್ಧ ಕಾಯಿಲೆ ವಾಸಿ. ಐದನೇ ನಂಬರಿನವನಿಗೆ ಬೆಂಚು ತೋರಿಸ್ಲಿ, ಫೋಟೋ ಅಲ್ಲೂ ತೆಗೀಬಹುದು.

ನಾನು ಬರ್ತೀನಿ ಅಂತ ಹೇಳ್ತಿಲ್ಲ.

ನೀನು ಕುರ್ಚಿ ವಿಷಯ ಓದಿದೆ ಅಂತ ಬರೆದು ದಾಟಿಸಿಬಿಟ್ಟೆ. ಅದು ಸಾಲಲ್ಲ ಅಕ್ಕಾ. ಇಷ್ಟು ವರ್ಷ ನಾನು ಪಗೋಲಾ ಮೇಲೆ ಸಿಟ್ಟಾಗಿರಲಿಲ್ಲ, ಅವನ ಬುದ್ಧಿ ಗೊತ್ತಿದ್ದಿದ್ದೇ. ನೀನು ಯಾಕೆ ಏಳಲಿಲ್ಲ? ಅದೊಂದು ಹೇಳು. ಎರಾಲ್ದೊ ಭಾವ ಸತ್ತಾಗಲೂ ನಾನು ಬರಲಿಲ್ಲ, ಬಾಗಿಲಲ್ಲಿ ನಿನ್ನ ನೋಡಿ ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ.

ವಾಲ್ದೆಮಾರ್


ಮೊಂತೆವಿದೆಯೊ,
14 ಸೆಪ್ಟೆಂಬರ್

ವಾಲ್ದೆ,

ಇದು ನಾಲ್ಕನೇ ಹಾಳೆ. ಮೂರು ಒಲೆಗೆ ಹೋದ್ವು.

ಭಾವ ಸತ್ತಾಗ ಹೆಸರು ಬರೆಯದ ಒಂದು ಹೂವಿನ ಚಕ್ರ ಬಂದಿತ್ತು. ಯಾರದ್ದು ಅಂತ ಎಲ್ಲರೂ ಕೇಳಿದ್ರು. ನಾನು ಯಾರಿಗೂ ಹೇಳಲಿಲ್ಲ, ಅವರ ತಲೆ ಹತ್ರಾನೇ ಇಟ್ಟೆ.

ಈಗ ಕೇಳು. ನಿನ್ನ ಸಭೆಯ ಹಿಂದಿನ ದಿನ ಪಗೋಲಾ ನಮ್ಮ ಮನೆಗೆ ಬಂದಿದ್ದ. ಮನೆ ಅಂದ್ರೆ ಗೊತ್ತಲ್ಲ, ಗ್ಯಾಲರಿ ಮೆಟ್ಟಿಲ ಕೆಳಗಿನ ಎರಡು ಕೋಣೆ, ಗೋಲು ಬಿದ್ರೆ ಜನ ಕುಣಿದು ಸೂಪಿಗೆ ಸುಣ್ಣ ಉದುರುತ್ತೆ. ಅದು ಕ್ಲಬ್ಬಿನ ಮನೆ. ನಿನ್ನ ಭಾವನ ಎದೆ ಸೆಣಬಿನ ಧೂಳು ಕುಡಿದು ಕುಡಿದು ಕೆಟ್ಟು ಕೂತಿತ್ತು, ಹಾಸಿಗೆಯಿಂದ ಏಳ್ತಿರಲಿಲ್ಲ. ಪಗೋಲಾ ಬೈಯಲಿಲ್ಲ, ಹೆದರಿಸಲಿಲ್ಲ. ಮಾಟೆ ಚಹಾ ಕುಡಿದ, ಸೂರು ನೋಡಿದ, "ಈ ಸ್ಥಿತೀಲಿ ಇವರನ್ನ ಎತ್ಕೊಂಡು ಎಲ್ಲಿಗೆ ಹೋಗ್ತೀರಿ ಓಂದಿನಾ, ನಾಳೆ ಸ್ವಲ್ಪ ಯೋಚನೆ ಮಾಡಿ ಹಗ್ಗಕ್ಕೆ ಕೈ ಇಡಿ" ಅಂದ. ಅಷ್ಟೇ.

ಹೆದರಿದೆ ಕಣೋ. ನಿನ್ನ ವಿರುದ್ಧ ಹಗ್ಗ ಹಿಡಿಯೋಕೆ ಮನಸ್ಸು ಬರಲಿಲ್ಲ, ನಿನ್ನ ಪರ ಹಿಡಿಯೋಕೆ ಧೈರ್ಯ ಬರಲಿಲ್ಲ. ಕೂತೆ. ಆ ಕುರ್ಚಿ ಇನ್ನೂ ಅಲ್ಲೇ ಇದೆ. ಹನ್ನೆರಡು ವರ್ಷದಲ್ಲಿ ಒಂದು ಸಲಾನೂ ನಾನು ಅದರ ಮೇಲೆ ಕೂತಿಲ್ಲ. ನೀನು ಹೇಳಿದ್ದು ಸತ್ಯ ಅಂತ ನಂಗೆ ಅವತ್ತೇ ಗೊತ್ತಿತ್ತು. ನಿನ್ನ ಜರ್ಸಿ ಒಗೆದವಳು ನಾನೇ, ಎದುರಾಳಿಯ ಬೂಟಿನ ಒಂದು ಗುರುತೂ ಅದರ ಮೇಲೆ ಇರಲಿಲ್ಲ. ಅದನ್ನಾದ್ರೂ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ನಂದು ತಪ್ಪು.

ಸಭೆ ಇಪ್ಪತ್ತೆಂಟಕ್ಕೆ, ಭಾನುವಾರ ಮೂರಕ್ಕೆ ಶುರು. ನಿಯಮ ಹಳೇದೇ. ಹೆಸರು ಸೂಚಿಸಬೇಕಾದ್ರೆ ಆ ಮನುಷ್ಯನ ಒಪ್ಪಿಗೆ ಪತ್ರ ಬೇಕು, ಸದಸ್ಯರೊಬ್ಬರು ಎದ್ದು ಮೊದಲ ಕೈ ಇಡಬೇಕು. ಆರು ಗಂಟೆಗೆ ಗಂಟೆ ಬಾರಿಸಿದಾಗ ಹಗ್ಗದ ಮೇಲಿರೋ ಕೈಗೆ ಮಾತ್ರ ಲೆಕ್ಕ. ಮಧ್ಯೆ ಬಿಟ್ಟೋರು ಮತ್ತೆ ಹಿಡಿಯೋ ಹಾಗಿಲ್ಲ.

ಪಗೋಲಾ ನಿನ್ನೆ ಮತ್ತೆ ಬಂದಿದ್ದ. ಮತ್ತೆ ಸೂರು ನೋಡಿದ. "ಮಳೆಗೆ ಸೋರುತ್ತಾ ಓಂದಿನಾ?" ಅಂದ. "ಸೋರಿದ್ರೆ ಪಾತ್ರೆ ಇಡ್ತೀನಿ, ನೀವು ಮಾಟೆ ಮುಗಿಸಿ ಹೊರಡಿ" ಅಂದೆ.

ಒಪ್ಪಿಗೆ ಪತ್ರ ಕಳಿಸ್ತೀಯೋ ಬಿಡ್ತೀಯೋ, ನಿನಗೆ ಬಿಟ್ಟಿದ್ದು.

ನಿನ್ನ ಅಕ್ಕ,
ಓಂದಿನಾ


ತಕ್ವಾರೆಂಬೊ,
22 ಸೆಪ್ಟೆಂಬರ್

ಅಕ್ಕಾ,

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಸಭೇಲಿ ಓದಿಸು, ಒಂದಕ್ಷರ ಬಿಡಬಾರದು. ಕೊನೇ ಸಾಲು ಬಿಟ್ರೆ ಪತ್ರಾನೇ ಇಲ್ಲ ಅಂದ್ಕೋ.

ಒಂದು ವಾರ ತಡ ಮಾಡಿದ್ದಕ್ಕೆ ಬೇರೆ ಕಾರಣ ಇಲ್ಲ. ನಿನ್ನ ಕಾಗದ ಜೇಬಲ್ಲಿ ಇಟ್ಕೊಂಡು ಓಡಾಡಿದೆ. ಪಗೋಲಾ ಹಿಂದಿನ ದಿನ ನಿಮ್ಮ ಮನೆಗೆ ಬಂದಿದ್ದು ನಂಗೆ ಗೊತ್ತಿರಲಿಲ್ಲ. ಕೇಳಬೇಕಿತ್ತು ನಾನು. ಹೊರಟುಹೋಗೋ ರೋಷದಲ್ಲಿ ಕೇಳಲೇ ಇಲ್ಲ.

ಒಂದು ಮಾತು. ಮೊದಲ ಕೈ ನೀನು ಇಡಬೇಡ. ಒಲಿಂಪಿಯಾ ಇಡಲಿ, ಬೇರೆ ಯಾರಾದ್ರೂ ಇಡಲಿ. ಯಾರೂ ಇಡದಿದ್ರೆ ಪತ್ರ ಹರಿದು ಹಾಕು. ಅರವತ್ತೊಂದನೇ ವಯಸ್ಸಲ್ಲಿ ಮನೆ ಕಳ್ಕೊಂಡು ನೀನು ಬೀದಿಗೆ ಬೀಳೋದು ನಂಗೆ ಬೇಕಾಗಿಲ್ಲ. ನೀನು ಕುರ್ಚಿ ಮೇಲೇ ಕೂತ್ಕೋ, ಈ ಸಲ ನಾನೇ ಹೇಳ್ತಿದ್ದೀನಿ. ನಿನ್ನ ಮೇಲೆ ಇನ್ನು ನಂಗೆ ಸಿಟ್ಟಿಲ್ಲ.

ವಾಲ್ದೆ


ಮೊಂತೆವಿದೆಯೊ,
ಸೋಮವಾರ, 29 ಸೆಪ್ಟೆಂಬರ್

ವಾಲ್ದೆ,

ಅಕ್ಷರ ಸೊಟ್ಟಗಿದ್ರೆ ಬೈಕೋಬೇಡ, ಎರಡೂ ಅಂಗೈ ಬೊಬ್ಬೆ ಎದ್ದಿವೆ.

ಮೊದಲಿಂದ ಹೇಳ್ತೀನಿ. ಪಗೋಲಾ ಮೂರು ಗಂಟೆಗೇ ತನ್ನ ಕಡೆಯವರನ್ನೆಲ್ಲ ಬಸ್ಸಲ್ಲಿ ತುಂಬಿಸ್ಕೊಂಡು ಬಂದಿದ್ದ. ಲುದ್ವೆನ್ಯಾ ಹೆಸರು ಹೇಳಿದ್ದೇ ತಡ, ನಲವತ್ತೊಂದು ಜನ ಆ ತುದಿ ಹಿಡಿದ್ರು. ಚಪ್ಪಾಳೆ, ಹಾಡು, ಎಲ್ಲ ಆಯ್ತು. ಆಮೇಲೆ ಕಾರ್ಯದರ್ಶಿ ಎರ್ನೆಸ್ತಿನಾ ಮೇಡಂ ಕನ್ನಡಕ ಏರಿಸಿ ನಿನ್ನ ಪತ್ರ ಓದಿದ್ರು. ಶಾಲೇಲಿ ಪಾಠ ಓದೋ ಹಾಗೆ, ಒಂದೊಂದಕ್ಷರಾನೂ. ಕೊನೇ ಸಾಲು ಬಂತು: "ಎಪ್ಪತ್ನಾಲ್ಕರ ಪೆನಾಲ್ಟಿ ವಿಷಯ ಯಾರಾದರೂ ಕೇಳುವುದಾದರೆ, ಅದೇ ಪಂದ್ಯ ನಾಳೆ ಇದ್ದರೂ ರೆಫರಿಗೆ ಅದೇ ಮಾತು ಹೇಳುತ್ತೇನೆ, ನನ್ನ ಆಟಗಾರರಿಗೂ ಅದನ್ನೇ ಕಲಿಸುತ್ತೇನೆ."

ಅಯ್ಯೋ, ಆ ಗಲಾಟೆ ನೀನು ಕೇಳಬೇಕಿತ್ತು! ಸಿಳ್ಳೆ ಏನು, ಥೂ ಥೂ ಏನು. ಪಗೋಲಾ ನಗ್ತಾ ಎದ್ದ. "ಸರಿ, ಈ ಸತ್ಯವಂತರಿಗೆ ಮೊದಲ ಕೈ ಯಾರದ್ದಪ್ಪಾ?" ಅಂದ. ಅನ್ನೋವಾಗ ನನ್ನನ್ನೇ ನೋಡಿದ, ಆಮೇಲೆ ಕಣ್ಣು ಮೇಲೆತ್ತಿ ಸೂರು ನೋಡಿದ.

ನೀನು ಬೇಡ ಅಂದಿದ್ದೆ. ಯಾವಾಗ ನಾನು ನಿನ್ನ ಮಾತು ಕೇಳಿದ್ದೀನಿ?

ಎದ್ದೆ. ಮೊದಲು ಅವನ ಮೇಜಿನ ಹತ್ರ ಹೋಗಿ ಮನೆ ಬೀಗದ ಕೈ ಇಟ್ಟೆ. "ಪಗೋಲಾ ಅವರೇ, ಹನ್ನೆರಡು ವರ್ಷದಿಂದ ಈ ಕೀಲಿ ತೋರಿಸಿ ನನ್ನ ಕೂರಿಸಿದ್ರಿ. ತಗೊಳ್ಳಿ, ಮನೆ ನಿಮ್ಮದು. ಕೈ ನಂದು" ಅಂದೆ. ಹೋಗಿ ಹಗ್ಗ ಹಿಡಿದೆ.

ಒಬ್ಬಳೇ ನಿಂತಿದ್ದೆ ವಾಲ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆ ಕಡೆ ನಲವತ್ತೊಂದು ಜನ ನಗ್ತಿದ್ರು, ನಾನು ಹಗ್ಗಾನ ಕೈಗೆ ಎರಡು ಸುತ್ತು ಸುತ್ಕೊಂಡೆ. ಆಮೇಲೆ ಒಲಿಂಪಿಯಾ ರಕ್ತದ ಏಪ್ರನ್ನಲ್ಲೇ ಬಂದು ನನ್ನ ಹಿಂದೆ ನಿಂತ್ಲು. "ಜಾಗ ಬಿಡಿ ಓಂದಿನಾ, ನಾನು ದಪ್ಪ ಇದ್ದೀನಿ" ಅಂದ್ಲು. ಅವಳ ಹಿಂದೆ ಫೆರ್ಮಿನ್ ತಾತ, ಅಪ್ಪನ ಜೊತೆ ಹಗ್ಗ ಹೊಸೆದವನು. ಅವತ್ತು ನಿನ್ನ ವಿರುದ್ಧ ಹಿಡಿದಿದ್ದವನೇ. "ಮುದಿಯಾದೆ, ತಪ್ಪು ಇಟ್ಕೊಂಡು ಸಾಯೋಕೆ ಇಷ್ಟ ಇಲ್ಲ" ಅಂದ. ಆಮೇಲೆ ಒಬ್ಬೊಬ್ಬರೇ ಬಂದು ಇಪ್ಪತ್ತಮೂರಾದ್ವಿ. ಅವರು ನಲವತ್ತೊಂದು. ಸೋತ್ವಿ ಅಂತಾನೇ ಅಂದ್ಕೊಂಡೆ. ಸೋತ್ರೂ ಸರಿ, ಗಂಟೆ ಹೊಡೆಯೋವರೆಗೂ ಬಿಡೋಲ್ಲ ಅಂತ ಹಲ್ಲು ಕಚ್ಚಿ ನಿಂತೆ.

ಈಗ ಪಗೋಲಾನ ಬುದ್ಧಿವಂತಿಕೆ ನೋಡು. ಗೆದ್ದೇಬಿಟ್ಟೆ ಅಂತ, ನಾಲ್ಕು ಗಂಟೆಗೇ ಅಂಗಳದಲ್ಲಿ ಕೆಂಡ ಮಾಡಿಸಿ ಮಾಂಸ ಸುಡೋಕೆ ಹಚ್ಚಿದ್ದ, ವಿಜಯದ ಔತಣ! ಐದು ಆಗೋ ಹೊತ್ತಿಗೆ ಪಕ್ಕೆಲುಬಿನ ವಾಸನೆ, ಚೊರಿಸೊ ಸಾಸೇಜಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಬೆಳಗ್ಗೆಯಿಂದ ಏನೂ ತಿನ್ನದ ಜನ. ಒಬ್ಬ ಪಕ್ಕದವನಿಗೆ, "ನನ್ನ ಜಾಗ ನೋಡ್ಕೋ, ಒಂದು ತುಂಡು ತಿಂದು ಬರ್ತೀನಿ" ಅಂದ. ಬಸ್ಸಿನ ಕ್ಯೂ ಅಂದ್ಕೊಂಡಿದ್ದನೋ ಏನೋ. ಅವನು ಹೋಗಿದ್ದು ನೋಡಿ ಇನ್ನೊಬ್ಬ, ಇನ್ನೊಬ್ಬನ ನೋಡಿ ಮೂರು ಜನ. ನಾವಿಷ್ಟು ಜನ ಇದ್ದೀವಲ್ಲ ಅಂತ ಎಲ್ಲರಿಗೂ ಧೈರ್ಯ. ನಮ್ಮ ಫೆರ್ಮಿನ್ ತಾತ ಜೊಲ್ಲು ನುಂಗಿ, "ಓಂದಿನಾ, ಅದು ಚೆನ್ನಾಗಿ ಬೆಂದಿದೆ" ಅಂದ. "ಬಿಟ್ರೆ ನಿನ್ನ ಕೈ ಮುರೀತೀನಿ ತಾತ" ಅಂದೆ. ಕುರ್ಚಿ ತಂದು ಕೊಟ್ರು, ಕೂತ್ಕೊಂಡೇ ಹಿಡಿದ. ಆ ಗೋಡೆ ಪಕ್ಕದ ಕುರ್ಚಿನೇ.

ಆರಕ್ಕೆ ಹತ್ತು ನಿಮಿಷ ಇರೋವಾಗ ಪಗೋಲಾ ತಲೆ ಎತ್ತಿ ನೋಡ್ತಾನೆ, ತನ್ನ ತುದೀಲಿ ಅರ್ಧ ಹಗ್ಗ ನೆಲದ ಮೇಲಿದೆ. ಅಂಗಳಕ್ಕೆ ಓಡಿ, "ಬನ್ರೋ ಒಳಗೆ, ಹಿಡೀರೋ" ಅಂತ ಕೂಗಿದ. ಕೈತುಂಬ ಜಿಡ್ಡು ಮಾಡ್ಕೊಂಡು ಓಡಿಬಂದ್ರು. ಎರ್ನೆಸ್ತಿನಾ ಮೇಡಂ ಕೈಯಲ್ಲಿದ್ದ ಗಂಟೆ ಎತ್ತಿ ತೋರಿಸಿ, "ಬಿಟ್ಟ ಕೈಗೆ ಲೆಕ್ಕ ಇಲ್ಲ ಮಹನೀಯರೇ, ಊಟ ಮುಂದುವರಿಸಿ" ಅಂದ್ರು. ಆರು ಹೊಡೀತು. ಎಣಿಸಿದ್ರು.

ಅವರು ಹತ್ತೊಂಬತ್ತು. ನಾವು ಇಪ್ಪತ್ತಮೂರು. ಒಬ್ಬರೂ ಬಿಟ್ಟಿರಲಿಲ್ಲ.

ನೀನು ಕೊರ್ದೆಲೆರೊಸ್ ಕೋಚ್ ಕಣೋ.

ಪಗೋಲಾ ಆ ಕೀಲಿ ಜೇಬಿಗೆ ಹಾಕ್ಕೊಂಡ, ತಿಂಗಳೊಳಗೆ ಖಾಲಿ ಮಾಡಿ ಅಂದ. ಶುಕ್ರವಾರವೇ ಮಾಡ್ತೀನಿ ಅಂದೆ. ಒಲಿಂಪಿಯಾ ಅಂಗಡಿ ಹಿಂದೆ ಒಂದು ಕೋಣೆ ಇದೆ, ನನ್ನ ಟ್ರಂಕು, ಹಾಸಿಗೆ, ಭಾವನ ಫೋಟೋ ಹಿಡಿಸುತ್ತೆ. ಬಟ್ಟೆ ಒಗೆಯೋ ಕೆಲಸ ಮಾತ್ರ ಬಿಡೋಲ್ಲ. ಅದು ಸಭೆ ಕೊಟ್ಟಿದ್ದು, ಪಗೋಲಾ ಕೊಟ್ಟಿದ್ದಲ್ಲ. ಈ ಭಾನುವಾರ ಮತ್ತೆ ಸೋತ್ರೂ ಸೋಲಬಹುದು, ಲೀಗಲ್ಲಿ ಉಳೀತೀವೋ ಇಲ್ವೋ ಆ ದೇವರಿಗೇ ಗೊತ್ತು. ಆದ್ರೆ ಇನ್ನು ಯಾರೂ ಹಿಂದಿನ ಗೇಟಿಂದ ಓಡೋದು ಬೇಡ.

ಹನ್ನೆರಡು ವರ್ಷ ತಡವಾಗಿ ಎದ್ದೆ ವಾಲ್ದೆ. ನಂಗೆ ಗೊತ್ತು.

ನಿನ್ನ ಅಕ್ಕ


ತಕ್ವಾರೆಂಬೊ,
2 ಅಕ್ಟೋಬರ್

ಅಕ್ಕಾ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಪಂಪು ರಿಪೇರಿಗೆ ಬಂದಿದ್ದ ಮುದುಕ ಯಾರೋ ತೀರಿಕೊಂಡ್ರು ಅಂದ್ಕೊಂಡು ಟೋಪಿ ತೆಗೆದು ನಿಂತ. ಯಾರೂ ಸತ್ತಿಲ್ಲ ತಾತ, ನಮ್ಮಕ್ಕ ಎದ್ದು ನಿಂತಳು ಅಂದೆ. ಅವನಿಗೆ ಏನೂ ಅರ್ಥ ಆಗಲಿಲ್ಲ.

ಭಾನುವಾರ ಇಲ್ಲಿ ನನ್ನ ಹುಡುಗರದ್ದು ಕೊನೇ ಪಂದ್ಯ, ಅವರನ್ನ ನಡುನೀರಲ್ಲಿ ಬಿಟ್ಟು ಬರೋಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬಂದು ಇಳೀತೀನಿ. ಶುಕ್ರವಾರ ನೀನೊಬ್ಬಳೇ ಟ್ರಂಕು ಎತ್ತೋ ಹುಚ್ಚು ಸಾಹಸ ಮಾಡಬೇಡ. ತಿಂಗಳು ಟೈಮಿದೆ ಅಂತ ಪಗೋಲಾನೇ ಹೇಳಿದ್ದಾನಲ್ಲ, ಮೂರು ದಿನ ಕಾಯಲಿ. ಮುಂದಿನ ಗೇಟಿಂದ ಒಳಗೆ ಬರ್ತೀನಿ, ನಿನ್ನ ಟ್ರಂಕು ನನ್ನ ಹೆಗಲ ಮೇಲೆ ಇಟ್ಕೊಂಡು ಅದೇ ಮುಂದಿನ ಗೇಟಿಂದ ಹೊರಗೆ ಹೋಗೋಣ. ಅವನು ಕಿಟಕೀಲಿ ನಿಂತು ನೋಡಲಿ.

ಇನ್ನೊಂದು ಮಾತು, ಇದು ಕೋಚ್ ಮಾತು. ಭಾನುವಾರದ ಜರ್ಸಿ, ಚಡ್ಡಿ, ಸಾಕ್ಸು ಯಾವುದನ್ನೂ ನೆನೆ ಹಾಕಬೇಡ. ಕೆಸರು ಕೆಸರಾಗೇ ಇರಲಿ. ತೊಟ್ಟಿ ಮುಂದೆ ಇಬ್ಬರೂ ಕೂತು ಒಂದೊಂದಾಗಿ ನೋಡೋಣ, ನೀನು ಹೇಳು, ನಾನು ಕೇಳ್ತೀನಿ. ಆಮೇಲೆ ನಾನೇ ಒಗೀತೀನಿ. ನಿನ್ನ ಕೈ ವಾಸಿಯಾಗೋವರೆಗೆ ನಾನೇ.

ನಿನ್ನ ತಮ್ಮ,
ವಾಲ್ದೆ